ಬೇಡವೆಂದ ಬಂದೂಕು

ಕೊಂಡ ವಸ್ತುವನ್ನು ಅಂಗಡಿಗೆ ಹಿಂದಿರುಗಿಸುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ದೀಪದ ಬೆಳಕಿನಲ್ಲಿ ನವಿಲು ಬಣ್ಣವಾಗಿದ್ದು ಮನೆಗೆ ಬಂದ ಮೇಲೆ ಪಾಚಿ ಬಣ್ಣಕ್ಕೆ ತಿರುಗಿದ ಸೀರೆ, ವಿಷಲ್ಲೇ ಕೂಗದ ಕುಕ್ಕರು, ಎಡಗಾಲಿನದು ಮಾತ್ರ ಬಿಗಿಯಾದ ಚಪ್ಪಲಿ, ಎಲ್ಲವನ್ನೂ ಜಗಳವಾಡದೆ ನಗುನಗುತ್ತಲೇ ಬದಲಾಯಿಸಿಕೊಂಡು ಬಂದಿದ್ದೇನೆ. 'ನಿನ್ನ ಜೊತೆ ಅಂಗಡಿಗೆ ಬರಲು ನಾಚಿಕೆಯಾಗುತ್ತದೆ' ಎನ್ನುವುದು ನಮ್ಮ ಯಜಮಾನರ ನಲವತ್ತು ವರ್ಷದ ದೂರು. ಆದರೆ 2023ರ ಮಳೆಗಾಲದಲ್ಲಿ ಒಂದು ದಿನ ನಾವಿಬ್ಬರೂ ಬೆಂಗಳೂರಿನ ಒಂದು ಅಂಗಡಿಯ ಮೆಟ್ಟಿಲು ಹತ್ತುವಾಗ ಕೈಕಾಲು ನಡುಗುತ್ತಿದ್ದದ್ದು ನನಗೆ. ಅಂದು ನಾನು ಹಿಂದಿರುಗಿಸಲು ಹೊರಟದ್ದು ಸೀರೆಯನ್ನಲ್ಲ, ಬಂದೂಕನ್ನು.

ಬಂದೂಕು ಬೇಕೆಂದು ಹಟ ಹಿಡಿದವಳೂ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಓದಿ, 'ಗಂಡಸರಿಗೆ ಬಂದೂಕಿನ ಹುಚ್ಚು, ಹೆಂಗಸರಿಗೆ ಶಾಂತಿಯ ಹಂಬಲ' ಎಂಬ ಹಳೆಯ ಕಥೆಯೇ ಇದು ಎಂದು ನೀವು ತಿಳಿದೀರಿ.

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಯಜಮಾನರು ಊರಿನಲ್ಲಿ ಇಟ್ಟುಕೊಂಡಿದ್ದ ಆರು ವಿದ್ಯುತ್ ಮಗ್ಗಗಳನ್ನು ಮಾರಿ, ಮಾವನವರ ಕಾಲದ ಹಿಪ್ಪುನೇರಳೆ ಹೊಲದಲ್ಲಿ ತೆಂಗು, ದ್ರಾಕ್ಷಿ ಮಾಡಿಕೊಂಡಿದ್ದಾರೆ. ಮಗ ಪುಣೆಯಲ್ಲಿ, ಮಗಳು ಯಲಹಂಕದಲ್ಲಿ. ತಾರಸಿಯ ಮೇಲೆ ನಿಂತರೆ ಮೂಡಣ ದಿಕ್ಕಿಗೆ ನಂದಿಬೆಟ್ಟ ಕಾಣುತ್ತದೆ. ಸುಖವಾಗಿದ್ದೆವು ಎಂದೇ ಹೇಳಬೇಕು.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಸುತ್ತಿನ ಭೂಮಿಯ ಬೆಲೆ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ರಾಗಿ ಹೊಲಗಳಿಗೆ ಕಲ್ಲು ಕಂಬ ಬಂತು, ತಂತಿ ಬಂತು. ಹೊಲ ಮಾರಿದವರು ಊರೊಳಗೆ ಮನೆ ಕಟ್ಟಿಕೊಂಡು ಹೋದರು, ಕೊಂಡವರು ಗೇಟಿಗೆ ಬೀಗ ಹಾಕಿಕೊಂಡು ಬೆಂಗಳೂರಿಗೆ ಹೋದರು. ಕೂಗಿದರೆ ಓಗೊಡುತ್ತಿದ್ದ ಮನೆಗಳು ಒಂದೊಂದಾಗಿ ಖಾಲಿಯಾದವು. ಈಗ ನಮಗೆ ಹತ್ತಿರದ ನೆರೆಯೆಂದರೆ ಪಕ್ಕದ ತೋಟ ಕಾಯುವ ಒಂದು ಸಂಸಾರ ಮಾತ್ರ. ಗಂಡ, ಹೆಂಡತಿ, ಒಂದು ಹೆಣ್ಣುಮಗು, ಒಂದು ಶೀಟಿನ ಮನೆ.

ಹೀಗಿರುವಾಗ ಎರಡು ಮೈಲಿ ಆಚೆಯ ಒಂಟಿ ಮನೆಯೊಂದಕ್ಕೆ ಕಳ್ಳರು ನುಗ್ಗಿ, ಮುದುಕ ಮುದುಕಿಯನ್ನು ಕಟ್ಟಿಹಾಕಿ, ಆಕೆಯ ಕೊರಳ ಸರ ಕಿತ್ತುಕೊಂಡು ಹೋದರು. ಆ ಅಜ್ಜಿಯನ್ನು ನೋಡಲು ಹೋದಾಗ ಮಣಿಕಟ್ಟಿನ ಮೇಲೆ ಹಗ್ಗದ ಕಲೆ ಹಾಗೇ ಇತ್ತು. ಅಂದಿನಿಂದ ನನಗೆ ನಿದ್ದೆಯಿಲ್ಲ. ತೆಂಗಿನ ಗರಿ ಬಿದ್ದರೂ ಎದ್ದು ಕೂರುತ್ತಿದ್ದೆ. 'ರೀ, ಒಂದು ಬಂದೂಕು ತನ್ನಿ' ಎಂದು ಹೇಳಿದವಳು ನಾನೇ. ಅವರು ನಕ್ಕರು. ನಾನು ನಗಲಿಲ್ಲ.

ಬಂದೂಕು ಎಂದರೆ ಸಂತೆಯಲ್ಲಿ ಸಿಗುವ ಕುಡುಗೋಲಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳಿಂದ ಪರವಾನಗಿ ಪಡೆಯಬೇಕು. ಅರ್ಜಿಯಲ್ಲಿ ಏಕೆ ಬೇಕೆಂದು ಬರೆಯಬೇಕು, ಪೊಲೀಸರು ಬಂದು ವಿಚಾರಿಸಬೇಕು. 2016ರ ಹೊಸ ನಿಯಮಗಳು ಬಂದ ಮೇಲೆ ಸುರಕ್ಷತೆಯ ತರಬೇತಿಯೂ ಆಗಬೇಕು. ನಮ್ಮ ಜಿಲ್ಲೆಯ ಕಚೇರಿ ಈಗ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿ ಇರುವುದರಿಂದ ಬೆಂಗಳೂರಿಗೆ ಅಲೆಯುವುದು ತಪ್ಪಿತು, ಅಲೆಯುವುದೇನೂ ತಪ್ಪಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಪರವಾನಗಿ ಕೈಗೆ ಬಂತು. ಆ ಹೊತ್ತಿಗೆ 2023ರ ಮೇ ತಿಂಗಳ ವಿಧಾನಸಭಾ ಚುನಾವಣೆ. ಚುನಾವಣೆ ಬಂದಾಗ ಬಂದೂಕು ಇದ್ದವರು ಠಾಣೆಗೆ ತಂದು ಒಪ್ಪಿಸಬೇಕೆಂದು ಆದೇಶ ಹೊರಡುತ್ತದೆ. 'ನೋಡು, ಗಲಾಟೆಯ ಕಾಲದಲ್ಲಿ ಬಂದೂಕು ಮನೆಯಲ್ಲಿ ಇರಬಾರದು ಎಂದು ಸರ್ಕಾರಕ್ಕೇ ಗೊತ್ತು' ಎಂದು ಇವರು ಚುಡಾಯಿಸಿದರು. ಚುನಾವಣೆ ಮುಗಿಯಲಿ ಎಂದು ಕಾದು, ಅಂಗಡಿಗೆ ಹೋಗಿ, ಹನ್ನೆರಡು ಬೋರಿನ ಜೋಡುನಳಿಕೆಯ ಒಂದನ್ನು ಆರಿಸಿ, ನಲವತ್ತು ಸಾವಿರ ಮುಂಗಡ ಕೊಟ್ಟು ಬಂದರು. ಮಾಲು ಬರಲು ಒಂದು ತಿಂಗಳಾಗುತ್ತದೆ ಎಂದಿದ್ದರಂತೆ.

'ತೋಟಾ ಎಷ್ಟು ಬೇಕು ಅಂತ ಕೇಳಿದರು' ಎಂದರು ಮನೆಗೆ ಬಂದು. ನಮಗಿರುವ ತೋಟವೇ ಸಾಕಾಗಿದೆ, ಇನ್ನೂ ಯಾವ ತೋಟ ಎಂದೆ. ಇಬ್ಬರೂ ನಕ್ಕೆವು. ಅಂದು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಆಮೇಲೆ ಸಂಶಯಗಳು ಒಂದೊಂದಾಗಿ ಶುರುವಾದವು. ಬಂದೂಕನ್ನು ಬೀಗದಲ್ಲಿಡಬೇಕು, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡಬೇಕು, ಮಕ್ಕಳ ಕೈಗೆ ಬೀಗದಕೈ ಸಿಗಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬರುವ ಮನೆ. ಸರಿ, ಎರಡು ಬೀಗ. ಆದರೆ ಬಾಗಿಲು ಮುರಿಯುವವನು ನಾವು ಕನ್ನಡಕ ಹುಡುಕಿ, ಬೀಗದಕೈ ಹುಡುಕಿ, ಎರಡು ಬೀಗ ತೆಗೆದು, ತೋಟಾ ತುಂಬಿಕೊಳ್ಳುವವರೆಗೂ ಕಾಯುತ್ತಾನೆಯೆ? ಕಾಯುವುದಿಲ್ಲವೆಂದಾದರೆ ತುಂಬಿದ ಬಂದೂಕನ್ನು ದಿಂಬಿನ ಪಕ್ಕದಲ್ಲಿಟ್ಟುಕೊಳ್ಳಬೇಕು. ಜೋಪಾನ ಮಾಡಿದರೆ ಸಮಯಕ್ಕೆ ಒದಗದು, ಸಮಯಕ್ಕೆ ಒದಗುವಂತೆ ಇಟ್ಟರೆ ಜೋಪಾನವಿಲ್ಲ. ನಲವತ್ತು ವರ್ಷ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣವನ್ನು ಮಕ್ಕಳ ಕೈಗೆಟುಕದಂತೆ, ನನ್ನ ಕೈಗೆಟುಕುವಂತೆ ಇಟ್ಟವಳಿಗೂ ಈ ಲೆಕ್ಕ ಬಗೆಹರಿಯಲಿಲ್ಲ.

ಇಷ್ಟಕ್ಕೇ ನಾನು ಮನಸ್ಸು ಬದಲಾಯಿಸುತ್ತಿರಲಿಲ್ಲ. ಬದಲಾಯಿಸಿದ್ದು ಪಕ್ಕದ ತೋಟದವಳು.

ಆಕೆಯ ಗಂಡ ಕುಡಿಯುತ್ತಾನೆ. ಕುಡಿದ ದಿನ ಹೊಡೆಯುತ್ತಾನೆ. ವರ್ಷಕ್ಕೆ ನಾಲ್ಕೈದು ಸಲ ನಡುರಾತ್ರಿಯಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ನಮ್ಮ ಹಿತ್ತಿಲ ಬಾಗಿಲು ತಟ್ಟುತ್ತಾಳೆ. ನಾನು ಬಾಗಿಲು ತೆಗೆಯುತ್ತೇನೆ, ಚಾಪೆ ಹಾಸಿಕೊಡುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು, ತಲೆ ಬಾಚಿಕೊಂಡು, ಏನೂ ಆಗದವಳಂತೆ ಹೋಗುತ್ತಾಳೆ. ಠಾಣೆಗೆ ಹೋಗೋಣ ಎಂದರೆ 'ಬ್ಯಾಡಿ ಟೀಚರಮ್ಮ' ಎನ್ನುತ್ತಾಳೆ. ಆ ತಿಂಗಳು ಒಂದು ದಿನ ಹುಣಿಸೆಹಣ್ಣು ಬಿಡಿಸಿಕೊಡಲು ಬಂದವಳು ಕೈ ನಿಲ್ಲಿಸದೆ, ತಲೆ ಎತ್ತದೆ ಕೇಳಿದಳು: 'ಟೀಚರಮ್ಮ, ನಿಮ್ಮನೆಗೆ ಬಂದೂಕ ಬತ್ತದಂತೆ?'

'ಹೌದು, ಯಾಕೆ?'

'ಏನಿಲ್ಲ. ಇನ್ಮ್ಯಾಕೆ ರಾತ್ರಿ ಹೊತ್ತು ಬಾಗ್ಲು ತಟ್ಟಾಕೆ ಭಯ ಆಯ್ತದೆ.'

ನಾನು ಏನೋ ಸಮಾಧಾನ ಹೇಳಿದೆ. 'ನಿನ್ನ ದನಿ ನನಗೆ ಗೊತ್ತಿಲ್ಲವೇನೆ' ಎಂದೆ. ಆದರೆ ಅವಳು ಹೋದ ಮೇಲೆ ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಕುಳಿತಿತು. ಏಕೆಂದರೆ ಅವಳು ದನಿ ಮಾಡುವುದಿಲ್ಲ. ಗಂಡನಿಗೆ ಕೇಳಿಸೀತೆಂದು ಉಸಿರು ಬಿಗಿಹಿಡಿದು ಬಾಗಿಲು ತಟ್ಟುತ್ತಾಳೆ. ಕತ್ತಲು, ನಡುರಾತ್ರಿ, ಹಿತ್ತಿಲ ಬಾಗಿಲು, ಮಾತಾಡದ ಒಂದು ಆಕೃತಿ. ಕಳ್ಳ ಬರುವುದೂ ಹಾಗೆಯೇ ಅಲ್ಲವೆ?

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗೇ ಇದೆ. ಹಳೆಯ ದಂಡ ಸಂಹಿತೆಯಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕಿದೆ. ರಾತ್ರಿ ಹೊತ್ತು ಮನೆ ಒಡೆದು ನುಗ್ಗುವವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಅದು ಅಪರಾಧವಾಗದ ಸಂದರ್ಭಗಳಿವೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು ಎಂಬುದೊಂದೇ ಎಚ್ಚರಿಕೆ. ಆದರೆ ಎಷ್ಟು ಅಗತ್ಯ ಎಂಬುದನ್ನು ನಿದ್ದೆಗಣ್ಣಿನಲ್ಲಿ, ಕನ್ನಡಕವಿಲ್ಲದೆ, ನಡುಗುವ ಕೈಯಲ್ಲಿ ತೀರ್ಮಾನಿಸಬೇಕಾದವರು ನಾವು. ಒನಕೆ ಓಬವ್ವನಿಗೆ ಕಿಂಡಿಯಲ್ಲಿ ತೂರಿ ಬರುತ್ತಿರುವವನು ಶತ್ರು ಎಂಬುದರಲ್ಲಿ ಅನುಮಾನವಿರಲಿಲ್ಲ. ನಮ್ಮ ಹಿತ್ತಿಲ ಬಾಗಿಲಿಗೆ ಬರುವವರ ವಿಷಯದಲ್ಲಿ ನನಗೆ ಆ ಭಾಗ್ಯವಿಲ್ಲ.

ಯಜಮಾನರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. 'ನಾನು ಬೇಡವೆಂದಾಗ ಬೇಕೆಂದೆ. ಊರೆಲ್ಲ ಅಲೆದು ತಂದ ಮೇಲೆ ಬೇಡವೆನ್ನುತ್ತೀಯ. ನಾಳೆ ಕಳ್ಳರು ಬಂದರೆ ಪಾಠ ಹೇಳುತ್ತೀಯ?' ಎಂದರು. ಆಮೇಲೆ, ಮೇಡಂ ಬಾಯಿ ಮುಚ್ಚಿಸಲು ಮೇಡಮ್ಮಿನ ಪುಸ್ತಕವೇ ಸರಿ ಎಂದುಕೊಂಡರೋ ಏನೋ, ಗಾಂಧೀಜಿಯನ್ನು ಕರೆತಂದರು. ಹೇಡಿತನ ಮತ್ತು ಹಿಂಸೆ ಇವೆರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಹಿಂಸೆಯನ್ನೇ ಆರಿಸಿಕೊಳ್ಳಿ ಎಂದು 1920ರಲ್ಲಿ ಅವರೇ ಬರೆದಿದ್ದಾರೆ. ಅದು ನಿಜ. 1927ರಲ್ಲಿ ಆರೋಗ್ಯ ಕೆಟ್ಟು ಗಾಂಧೀಜಿ ವಿಶ್ರಾಂತಿ ಪಡೆದ ನಂದಿಬೆಟ್ಟ ನಮ್ಮ ಕಿಟಕಿಯಲ್ಲೇ ಕಾಣುತ್ತಿತ್ತು. ಬೆಟ್ಟವನ್ನು ನೋಡುತ್ತ ಕುಳಿತೆ, ಉತ್ತರ ಹೊಳೆಯಲಿಲ್ಲ.

ಎರಡು ದಿನ ಯೋಚಿಸಿದೆ. ಗಾಂಧೀಜಿ ಹೇಳಿದ ಹೇಡಿ ಯಾರು? ಕಣ್ಣೆದುರಿಗೆ ಅನ್ಯಾಯ ನಡೆಯುವಾಗ ಓಡಿಹೋಗುವವನು. ನನ್ನ ಕಣ್ಣೆದುರಿಗೆ ನಡೆಯುತ್ತಿರುವ ಅನ್ಯಾಯ ಯಾವುದು? ಇನ್ನೂ ಬಾರದ, ಬರುತ್ತಾನೋ ಇಲ್ಲವೋ ತಿಳಿಯದ ಕಳ್ಳನದೆ, ವರ್ಷಕ್ಕೆ ನಾಲ್ಕೈದು ಸಲ ತಪ್ಪದೆ ಬರುವ ಆ ಹೆಂಗಸಿನದೆ? ಬಾರದಿರುವ ಕಳ್ಳನಿಗೆ ಹೆದರಿ, ಬರುತ್ತಿರುವವಳಿಗೆ ಬಾಗಿಲು ಮುಚ್ಚಿದರೆ ಅದಕ್ಕೆ ಧೈರ್ಯವೆಂದು ಹೆಸರಿಡಲಾದೀತೆ? ಬಂದೂಕು ತಂದರೂ ಬಾಗಿಲು ತೆಗೆಯಬಹುದಲ್ಲ ಎಂದು ನೀವು ಕೇಳಬಹುದು. ತೆಗೆಯಬಹುದು. ಆದರೆ ತಟ್ಟಬೇಕಾದವಳು ಆಗಲೇ ಹೆದರಿದ್ದಳು. ಬಂದೂಕು ಮನೆಗೆ ಬರುವ ಮೊದಲೇ, ಬರುತ್ತದೆಂಬ ಸುದ್ದಿಯೇ ಆ ಕೆಲಸ ಮಾಡಿ ಮುಗಿಸಿತ್ತು.

2012ರ ಡಿಸೆಂಬರಿನ ದಿಲ್ಲಿಯ ಘಟನೆಯ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗಾಗಿಯೇ ಒಂದು ಹಗುರ ರಿವಾಲ್ವರ್ ತಂದದ್ದು ಆಗ ನೆನಪಾಯಿತು. ಹೆಸರು 'ನಿರ್ಭೀಕ್', ತೂಕ ಅರ್ಧ ಕಿಲೋ, ಬೆಲೆ 1,22,360 ರೂಪಾಯಿ. ಒಡವೆ ಪೆಟ್ಟಿಗೆಯಂಥ ಕಡುಗೆಂಪು ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು. ಪತ್ರಿಕೆಯಲ್ಲಿ ಓದಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆಯಾಗಿತ್ತು. 'ಒಡವೆಗಿಂತ ಇದೇ ಮೇಲು' ಎಂದಿದ್ದೆ ನಾನು. ಈಗ ಯೋಚಿಸಿದರೆ, ಪಕ್ಕದ ತೋಟದವಳಿಗೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಎಲ್ಲಿಂದ ಬರಬೇಕು? ಬಂದರೂ ಅವಳಿಗೆ ಭಯ ಇರುವುದು ಬೀದಿಯಲ್ಲಿ ಅಲ್ಲ. ನಮ್ಮ ದೇಶದ ಅಪರಾಧ ದಾಖಲೆಗಳಲ್ಲಿ, ಹೆಣ್ಣುಮಕ್ಕಳ ಮೇಲೆ ನಡೆಯುವ ಅಪರಾಧಗಳ ಪೈಕಿ ವರ್ಷ ವರ್ಷವೂ ಅತಿ ಹೆಚ್ಚಾಗಿ ದಾಖಲಾಗುವುದು ಗಂಡ ಮತ್ತು ಅವನ ಕಡೆಯವರ ಕ್ರೌರ್ಯ. ಆ ಪೆಟ್ಟಿಗೆ ಅಂಥ ಮನೆಯ ಬೀರುವಿನಲ್ಲಿದ್ದರೆ ಅದು ಮೊದಲು ಸಿಗುವುದು ಯಾರ ಕೈಗೆ?

ಬಂದೂಕೆಂದರೆ ಎಲ್ಲ ಕಡೆಯೂ ಒಂದೇ ಅರ್ಥವೆಂದು ನಾನು ಹೇಳುತ್ತಿಲ್ಲ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಕೈಲ್ ಪೊಳ್ದು ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಅಲ್ಲಿ ಕೋವಿ ಕೂಗಿದರೆ ನೆಂಟರು ಓಡಿ ಬರುತ್ತಾರೆ. ನಮ್ಮ ಮನೆಗೆ ಬರಲಿದ್ದ ಬಂದೂಕು ಬೇರೆ ಜಾತಿಯದು. ಅದು ನೆರೆಯನ್ನು ಕಳೆದುಕೊಂಡವರು ನೆರೆಯ ಬದಲಿಗೆ ಕೊಂಡುಕೊಳ್ಳುವ ವಸ್ತು. ಆಯುಧಪೂಜೆಯ ದಿನ ಮಗ್ಗಕ್ಕೆ, ಮಚ್ಚಿಗೆ, ಪಂಪ್‌ಸೆಟ್ಟಿಗೆ ಕುಂಕುಮವಿಟ್ಟ ಕೈಯಿಂದ ಅದಕ್ಕೂ ಇಡಬೇಕಾದಾಗ ಏನೆಂದು ಬೇಡಿಕೊಳ್ಳಲಿ? 'ನಿನ್ನನ್ನು ಮುಟ್ಟುವ ಹೊತ್ತು ಬಾರದಿರಲಿ' ಎಂದೇ ತಾನೆ?

ಕೊನೆಗೆ ಯಜಮಾನರು ಒಪ್ಪಿದ್ದು ನನ್ನ ತರ್ಕಕ್ಕಲ್ಲ. 'ನಿನಗೆ ಅದು ಬಂದರೂ ನಿದ್ದೆಯಿಲ್ಲ, ಬಾರದಿದ್ದರೂ ನಿದ್ದೆಯಿಲ್ಲ. ಬಾರದಿದ್ದರೆ ದುಡ್ಡಾದರೂ ಉಳಿಯುತ್ತದೆ' ಎಂದರು. ಹೀಗೆ ನಾವು ಆ ಮೆಟ್ಟಿಲು ಹತ್ತಿದ್ದು.

ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದೇ ಹಳೆಯ ಸಾಲು: ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ಗುಮಾಸ್ತ ಅದರ ಮೇಲೆ ಬೆರಳಿಟ್ಟು ತೋರಿಸಿದ. ಮಾಲು ಇನ್ನೂ ನಮ್ಮ ಕೈಗೇ ಬಂದಿಲ್ಲವಲ್ಲ ಎಂದೆ. ಬೇಕಾದರೆ ಆ ಹಣಕ್ಕೆ ಬೇರೇನಾದರೂ ತೆಗೆದುಕೊಳ್ಳಿ ಎಂದ. ಬಂದೂಕಿನ ಅಂಗಡಿಯಲ್ಲಿ ಬಂದೂಕಿನ ಬದಲಿಗೆ ನಾನೇನು ತೆಗೆದುಕೊಳ್ಳಲಿ? ನನ್ನ ಮಗಳು ಮೊದಲೇ ಪುಸ್ತಕ ನೋಡಿ ಹೇಳಿದ್ದಳು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ತಪ್ಪು. ರಸೀದಿಯಲ್ಲಿ ಅವಧಿ ಹೇಳಿರದಿದ್ದರೆ ಮೂವತ್ತು ದಿನದೊಳಗೆ ಕೊಡಬೇಕು. ಆದರೆ ಮಾಲಿನಲ್ಲಿ ದೋಷವೇನೂ ಇರಲಿಲ್ಲ. ದೋಷವಿದ್ದದ್ದು ಕೊಳ್ಳಬೇಕೆಂದ ನನ್ನ ಮನಸ್ಸಿನಲ್ಲಿ. ಅದಕ್ಕೆ ಯಾವ ಕಲಮನ್ನು ತೋರಿಸಲಿ?

ಅಷ್ಟರಲ್ಲಿ ಅಂಗಡಿಯ ಯಜಮಾನರು ಒಳಗಿಂದ ಬಂದರು. ವಯಸ್ಸಾದವರು. ಕುಳಿತುಕೊಳ್ಳಿ ಅಮ್ಮ ಎಂದು ಕುರ್ಚಿ ಹಾಕಿಸಿ, ಏಕೆ ಬೇಡವೆಂದು ಕೇಳಿದರು. ಸುಳ್ಳು ಹೇಳಬಹುದಿತ್ತು, ಮಗನಿಗೆ ಇಷ್ಟವಿಲ್ಲ ಎಂದೋ, ಹಣದ ಅಡಚಣೆ ಎಂದೋ. ಇದ್ದದ್ದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ನಮ್ಮಲ್ಲಿಗೆ ಬಂದೂಕು ಕೊಳ್ಳಲು ಗಂಡಸರು ಬರುತ್ತಾರಮ್ಮ. ವಾಪಸು ತರುವವರು ಹೆಂಗಸರು, ಗಂಡ ಹೋದ ಮೇಲೆ.' ಪರವಾನಗಿ ಇದ್ದವರು ತೀರಿಕೊಂಡರೆ ಮನೆಯವರು ಬಂದೂಕನ್ನು ಠಾಣೆಗೋ ಪರವಾನಗಿಯಿರುವ ವ್ಯಾಪಾರಿಗೋ ಒಪ್ಪಿಸಬೇಕು. ಹಾಗೆ ಒಪ್ಪಿಸಲು ಬಂದ ಕೆಲವರಿಗೆ ಅದನ್ನು ಹೇಗೆ ಹಿಡಿಯಬೇಕೆಂದೂ ತಿಳಿದಿರುವುದಿಲ್ಲ, ಹಳೆಯ ಸೀರೆಯಲ್ಲಿ ಸುತ್ತಿ ತರುತ್ತಾರೆ ಎಂದರು. ನೀವು ಬೇಗ ಬಂದದ್ದು ಒಳ್ಳೆಯದಾಯಿತು, ಒಮ್ಮೆ ಮನೆಗೆ ಹೋಗಿ ಪುಸ್ತಕದಲ್ಲಿ ದಾಖಲಾದರೆ ಸುಲಭವಲ್ಲ ಎಂದೂ ಹೇಳಿದರು. ಅದೂ ನಿಜ. ಸ್ವಂತಕ್ಕೆ ಇಟ್ಟುಕೊಂಡ ಬಂದೂಕನ್ನು ಇನ್ನೊಬ್ಬರಿಗೆ ಮಾರಬೇಕಾದರೆ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ನಲವತ್ತು ಸಾವಿರದಲ್ಲಿ ನಾಲ್ಕು ಸಾವಿರ ಹಿಡಿದುಕೊಂಡು ಮೂವತ್ತಾರು ಸಾವಿರದ ಚೆಕ್ಕು ಬರೆದುಕೊಟ್ಟರು. ದಾರಿಯುದ್ದಕ್ಕೂ ನಮ್ಮ ಯಜಮಾನರದು ಅದೇ ಗೊಣಗಾಟ. ಏನೂ ಕೊಡದೆ ನಾಲ್ಕು ಸಾವಿರ ಹೊಡೆದರಲ್ಲ ಎಂದು. ನನಗೆ ಹಾಗನ್ನಿಸಲಿಲ್ಲ. ಅವರು ನಮ್ಮ ಮಾತು ನಂಬಿ ಮಾಲಿಗೆ ಬರೆದಿದ್ದರು. ಮಾತು ಬದಲಾಯಿಸಿದವರು ನಾವು. ಒಳ್ಳೆಯ ಕಾರಣಕ್ಕೆ ಮಾತು ಬದಲಾಯಿಸಿದರೂ ಅದರ ನಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. 'ನನಗೆ ಈಗ ಬುದ್ಧಿ ಬಂದಿದೆ, ಅದರ ಖರ್ಚು ನಿಮ್ಮದು' ಎನ್ನಲಾದೀತೆ? ಸೀರೆ, ಕುಕ್ಕರು ಹಿಂದಿರುಗಿಸಿದಾಗ ಈ ಯೋಚನೆ ನನಗೆ ಎಂದೂ ಬಂದಿರಲಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಪರವಾನಗಿಯನ್ನೂ ಹಿಂದಿರುಗಿಸಿದೆವು. ಬೀರಸಂದ್ರದ ಕಚೇರಿಯಲ್ಲಿ ಪತ್ರ ಕೊಟ್ಟಾಗ ಅಲ್ಲಿದ್ದ ಹುಡುಗಿ ಎರಡು ಸಲ ಓದಿ, 'ಬೇಕು ಅಂತ ಎಷ್ಟು ಜನ ಬರ್ತಾರೆ ಮೇಡಂ, ನೀವು ಬೇಡ ಅಂತೀರಲ್ಲ' ಎಂದಳು. ಬೇಕು ಎನ್ನುವಾಗ ಪುಟಗಟ್ಟಲೆ ಕಾರಣ ಬರೆದಿದ್ದೆವು. ಬೇಡ ಎನ್ನಲು ಎರಡು ಸಾಲು ಸಾಕಾಯಿತು.

ಮೂವತ್ತಾರು ಸಾವಿರದಲ್ಲಿ ಹಿತ್ತಿಲ ಬಾಗಿಲಿಗೆ ಗ್ರಿಲ್ಲು, ಹೊರಗೆ ಎರಡು ದೊಡ್ಡ ದೀಪ, ಹಾಸಿಗೆಯ ಪಕ್ಕದಲ್ಲಿ ಒತ್ತಿದರೆ ತಾರಸಿಯ ಮೇಲೆ ಕೂಗುವ ಒಂದು ಗಂಟೆ ಹಾಕಿಸಿದೆವು. ಒಂದು ನಾಯಿಯನ್ನೂ ಸಾಕಿದ್ದೇವೆ. ಭಯ ಹೋಯಿತೆ ಎಂದು ಕೇಳಬೇಡಿ. ನಾಯಿ ಬೊಗಳಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಆ ಅಜ್ಜಿಯ ಮಣಿಕಟ್ಟು ಕಣ್ಣಿಗೆ ಕಟ್ಟುತ್ತದೆ. ನಾಳೆ ನಮಗೇ ಹಾಗಾದರೆ, 'ಬಂದೂಕು ಇರಬೇಕಿತ್ತು' ಎಂದು ಜನ ಅನ್ನುತ್ತಾರೆ. ಅವರ ಮಾತು ಸುಳ್ಳೆಂದು ಆಣೆಯಿಟ್ಟು ಹೇಳಲು ನನ್ನಿಂದಾಗದು. ಅಂಗಡಿಯವರು ಹಣ ವಾಪಸು ಕೊಟ್ಟರು. ಭಯವನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ಇಲ್ಲ. ಅದನ್ನು ಇಟ್ಟುಕೊಂಡೇ ಬದುಕಬೇಕು. ಆದರೆ ಅದರ ಕೈಗೆ ತೋಟಾ ತುಂಬಿದ್ದನ್ನು ಕೊಡುವುದಿಲ್ಲ ಎಂದಷ್ಟೇ ನಾನು ತೀರ್ಮಾನಿಸಿದ್ದು.

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ದೀಪ ಹಾಕಿ, ಗ್ರಿಲ್ಲಿನೊಳಗಿಂದ ನೋಡಿದೆ. ಅವಳೇ. ಈ ಸಲ ಗಂಡನ ಕಾಟವಲ್ಲ. ಮಗುವಿಗೆ ಜ್ವರ ಏರಿ ಕಣ್ಣು ಮೇಲಾಗಿತ್ತು. ಗಂಡನೂ ಅವಳ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಯಜಮಾನರು ಶಾಲು ಹೊದ್ದುಕೊಂಡು ಕಾರು ತೆಗೆದರು. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಜ್ವರ ಇಳಿಯುವ ಹೊತ್ತಿಗೆ ನಾಲ್ಕು ಗಂಟೆ. ಹಿಂದಿರುಗುವಾಗ ಮಂಜು ಕವಿದಿತ್ತು, ಯಾರೂ ಮಾತಾಡಲಿಲ್ಲ. ಗೇಟಿನ ಹತ್ತಿರ ಬಂದಾಗ ಯಜಮಾನರು ಮೆಲ್ಲಗೆ ಹೇಳಿದರು:

'ಆ ನಾಲ್ಕು ಸಾವಿರ ಹೋದರೆ ಹೋಗಲಿ ಬಿಡು.'